ಮನೆವಾರ್ತೆ: ಬಚ್ಚಲೊಲೆ ಹೋದ ಮೇಲೆ ಬೈರಾಸು ಒಣಗುವುದೆಲ್ಲಿ?

ಫರಂಗಿಪೇಟೆಯಿಂದ ವಾಚಕ ಸಹೋದರಿಯೊಬ್ಬರು ದೀರ್ಘವಾದ ಪತ್ರವೊಂದನ್ನು ಬರೆದಿದ್ದಾರೆ. ಮೂಲತಃ ಅವರು ಧಾರವಾಡದ ಕಡೆಯವರು. ಯಜಮಾನರ ಉದ್ಯೋಗದ ನಿಮಿತ್ತ ಕರಾವಳಿಗೆ ಬಂದು, ನೇತ್ರಾವತಿಯ ದಡದ ಹಂಚಿನ ಮನೆಯೊಂದನ್ನು ಕೊಂಡು, ಅಲ್ಲಿಯೇ ನೆಲೆಸಿದ ಕುಟುಂಬ. ಮನೆಯ ಹಿಂಬದಿಗೆ ಹೊಂದಿಕೊಂಡಂತೆ ಹಳೆಯ ಬಚ್ಚಲು ಕೊಟ್ಟಿಗೆ ಇದೆ. ಅದರಲ್ಲಿ ಒಲೆಗೆ ಕೂಡಿಸಿ ಕಟ್ಟಿದ ತಾಮ್ರದ ಹಂಡೆ, ಮೇಲೆ ಅಡ್ಡಲಾಗಿ ಬಿದಿರಿನ ಗಳ. ಮನೆಯೊಳಗೆ ಗೀಸರ್ ಇರುವ ಇನ್ನೊಂದು ಚಿಕ್ಕ ಸ್ನಾನಗೃಹವೂ ಇದೆ. ಇಂಗ್ಲೆಂಡಿನಲ್ಲಿರುವ ಮಗ ಕಳೆದ ವರ್ಷ ತನ್ನ ಮನೆಯ ಸ್ನಾನಗೃಹದ ರೇಡಿಯೇಟರನ್ನು ಕಿತ್ತು, ಆ ಜಾಗದಲ್ಲಿ ಟವೆಲ್ ಬೆಚ್ಚಗೆ ಇಡುವ ಕಂಬಿಯನ್ನು ಹಾಕಿಸಿಕೊಂಡಿದ್ದಾನಂತೆ. ಅದನ್ನು ಮೆಚ್ಚಿ, ಊರ ಮನೆಗೂ ಅಂಥದೊಂದನ್ನು ತರುತ್ತೇನೆ, ಬಚ್ಚಲೊಲೆಯನ್ನು ಒಡೆಸಿಬಿಡಿ ಎಂದು ಹೇಳುತ್ತಿದ್ದಾನೆ. ಎಂಬತ್ತು ದಾಟಿದ ಅತ್ತೆಯವರು ಒಲೆ ಒಡೆಯಕೂಡದೆಂದು ಹಟ ಹಿಡಿದಿದ್ದಾರೆ. ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬರಲಿದ್ದಾಳೆ. ದಿನ ತುಂಬುವುದು ಆಷಾಢದ ಕೊನೆಗೆ. “ಮಗನ ಮಾತು ಕೇಳಲೋ, ಅತ್ತೆಯವರ ಮಾತು ಕೇಳಲೋ? ಮಗುವಿನ ಬಟ್ಟೆ ಒಣಗಿಸುವುದೇ ನನಗೆ ದೊಡ್ಡ ಚಿಂತೆಯಾಗಿದೆ” ಎಂದು ಸಹೋದರಿಯವರು ಕೇಳಿದ್ದಾರೆ.

ಬಯಲುಸೀಮೆಯ ವಾಚಕರಿಗೆ ಇದೊಂದು ಚಿಂತೆಯೇ ಎನಿಸೀತು. ವಿಜಾಪುರ, ಗದಗಿನ ಕಡೆ ಬೆಳಿಗ್ಗೆ ಹಿಂಡಿ ಹಾಕಿದ ಪಂಚೆ ಮಧ್ಯಾಹ್ನದ ಪ್ರಸಾದದ ಹೊತ್ತಿಗೆ ಗರಿಗರಿಯಾಗಿರುತ್ತದೆ. ಕರಾವಳಿಯ ಮಳೆಗಾಲವನ್ನು ಕಂಡವರಿಗೆ ಮಾತ್ರ ಈ ಪ್ರಶ್ನೆಯ ತೂಕ ತಿಳಿಯುತ್ತದೆ. ಮಂಗಳೂರು, ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯ ಸೀಮೆಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿಯುತ್ತದೆ. ತುಳುವರು ಆಟಿ ಎಂದು ಕರೆಯುವ ತಿಂಗಳಲ್ಲಿ, ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಸೂರ್ಯನ ಮುಖ ಕಾಣದ ದಿನಗಳು ಒಂದರ ಹಿಂದೆ ಒಂದು ಬರುತ್ತವೆ. ಗಾಳಿಯ ಆರ್ದ್ರತೆ ಶೇಕಡಾ 90ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಕರಾವಳಿಯವರು ಬೈರಾಸು ಎಂದು ಕರೆಯುವ ಮೈ ಒರಸುವ ವಸ್ತ್ರ ಮೂರು ದಿನ ಹಗ್ಗದ ಮೇಲಿದ್ದರೂ ಒಣಗದೆ, ನಾಲ್ಕನೆಯ ದಿನಕ್ಕೆ ಮುಗ್ಗಲು ನಾರುತ್ತದೆ. ಮುಂಜಾನೆ ಮಿಂದು ಮಡಿಯುಟ್ಟು ಇಷ್ಟಲಿಂಗ ಪೂಜೆಗೆ ಕೂಡುವ ಮನೆಗಳಲ್ಲಿ ದಿನಕ್ಕೆ ತಲೆಗೊಂದು ಒಣ ವಸ್ತ್ರ ಬೇಕೇ ಬೇಕು. ಅದರ ಮೇಲೆ ಈಗ ಹಸುಗೂಸಿನ ಬಟ್ಟೆಗಳು!

ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಗೃಹಿಣಿಯರು ಲೆಕ್ಕಕ್ಕೆ ಹೆದರುವವರಲ್ಲ. ಮೈ ಒರಸಿದ ದಪ್ಪ ಬೈರಾಸಿನಲ್ಲಿ ಸುಮಾರು 300 ಗ್ರಾಂ ನೀರಿದೆ ಎಂದುಕೊಳ್ಳಿ. ಸ್ನಾನಗೃಹ ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಎರಡೂ ಮುಕ್ಕಾಲು ಮೀಟರಿನಷ್ಟು ಎತ್ತರವಿದ್ದರೆ ಅದರೊಳಗೆ 8 ಘನಮೀಟರಿನಷ್ಟು ಗಾಳಿ ಇರುತ್ತದೆ. 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನಮೀಟರ್ ಗಾಳಿ ತುಂಬಿ ತುಳುಕುವವರೆಗೆ ಹೊರಬಲ್ಲ ನೀರಾವಿ ಸುಮಾರು 26 ಗ್ರಾಂ. ಆಟಿಯ ಗಾಳಿ ಅದರ ಹತ್ತರಲ್ಲಿ ಒಂಬತ್ತು ಪಾಲನ್ನು ಈಗಾಗಲೇ ಹೊತ್ತು ನಿಂತಿದೆ. ಉಳಿದ ಜಾಗ ಘನಮೀಟರಿಗೆ ಎರಡೂವರೆ ಗ್ರಾಂ ಚಿಲ್ಲರೆ. ಇಡೀ ಸ್ನಾನಗೃಹಕ್ಕೆ 21 ಗ್ರಾಂ. 300 ಗ್ರಾಂ ನೀರು ಎಲ್ಲಿಗೆ ಹೋಗಬೇಕು? ಬಾಗಿಲು ಮುಚ್ಚಿದ ಸ್ನಾನಗೃಹದಲ್ಲಿ ಬೈರಾಸು ಒಣಗದಿರುವುದು ಯಾರ ಸೋಮಾರಿತನದಿಂದಲೂ ಅಲ್ಲ, ಗಾಳಿಯಲ್ಲಿ ಜಾಗವಿಲ್ಲದ್ದರಿಂದ. ಅದೇ ಗಾಳಿಯನ್ನು ಹತ್ತು ಡಿಗ್ರಿ ಬಿಸಿ ಮಾಡಿ 37ಕ್ಕೆ ಏರಿಸಿದರೆ ಅದು ಘನಮೀಟರಿಗೆ 44 ಗ್ರಾಮಿನಷ್ಟು ಹೊರಬಲ್ಲದು. ಆಗ ಖಾಲಿ ಜಾಗ ಎಂಟು ಪಟ್ಟು ಹೆಚ್ಚುತ್ತದೆ. ಬಿಸಿ ಮಾಡದೆ ಬರಿಯ ಗಾಳಿಯಾಡಿಸಿ ಆ ಒಂದು ಬೈರಾಸನ್ನು ಒಣಗಿಸಬೇಕಾದರೆ ಸ್ನಾನಗೃಹದ ಗಾಳಿಯೆಲ್ಲ ಹದಿನಾಲ್ಕು ಸಲ ಬದಲಾಗಬೇಕು. ಹತ್ತು ಡಿಗ್ರಿ ಬಿಸಿ ಮಾಡಿಕೊಂಡರೆ ಎರಡು ಸಲ ಬದಲಾದರೆ ಸಾಕು. ಇದು ಕಾಗದದ ಮೇಲಿನ ಲೆಕ್ಕ, ನಿಜದಲ್ಲಿ ಇನ್ನಷ್ಟು ಗಾಳಿ ಬೇಕಾಗುತ್ತದೆ. ಆದರೂ ಮುಖ್ಯ ಮಾತು ಇದರಿಂದ ಸ್ಪಷ್ಟವಾಗುತ್ತದೆ: ಶಾಖವೂ ಬೇಕು, ಗಾಳಿ ಹೊರಹೋಗುವ ದಾರಿಯೂ ಬೇಕು. ಎರಡರಲ್ಲಿ ಒಂದು ತಪ್ಪಿದರೂ ಕೆಲಸ ಕೆಟ್ಟಿತು.

ಹಳೆಯ ಬಚ್ಚಲು ಕೊಟ್ಟಿಗೆ ಈ ಎರಡನ್ನೂ ಯಾರಿಗೂ ಹೇಳದೆ ನಡೆಸಿಕೊಂಡು ಬಂದಿತ್ತು. ತೆಂಗಿನ ಮಡಲು, ಕೊತ್ತಳಿಗೆ, ಗೆರಟೆ, ಅಡಿಕೆ ಸಿಪ್ಪೆ, ಹೀಗೆ ತೋಟದಲ್ಲಿ ಬಿದ್ದದ್ದೆಲ್ಲ ಅದರ ಉರುವಲು. ಉರಿಯ ಶಾಖದಲ್ಲಿ ಒಂದು ಪಾಲು ಮಾತ್ರ ಹಂಡೆಯ ನೀರಿಗೆ ಸೇರುತ್ತಿತ್ತು. ಉಳಿದದ್ದು ಒಲೆಯ ಗೋಡೆಗೆ, ಕೊಟ್ಟಿಗೆಯ ಗಾಳಿಗೆ, ಮೇಲೆ ಗಳದ ಮೇಲಿನ ಬಟ್ಟೆಗೆ ಹಂಚಿಹೋಗುತ್ತಿತ್ತು. ಎಂಜಿನಿಯರರು ಅದನ್ನು ನಷ್ಟವೆಂದು ಬರೆದಾರು. ಮನೆಯ ಹೆಂಗಸರಿಗೆ ಆ ನಷ್ಟವೇ ಲಾಭವಾಗಿತ್ತು. ಬೆಂಕಿ ಆರಿದ ಮೇಲೂ ಮಣ್ಣಿನ ಒಲೆ ಮತ್ತು ತಾಮ್ರದ ಹಂಡೆ ಗಂಟೆಗಟ್ಟಲೆ ಬೆಚ್ಚಗಿರುತ್ತಿದ್ದವು. ಇನ್ನು ಗಾಳಿಯ ವಿಚಾರ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ಜೇಡಿಮಣ್ಣು ಸುಟ್ಟ ಹಂಚಾಗಿ ಈ ಸೀಮೆಯ ಮನೆಗಳ ಮೇಲೇರಿತು. ಮಂಗಳೂರು ಹಂಚಿನ ಮಾಡು ಮಳೆನೀರನ್ನು ಒಳಗೆ ಬಿಡುವುದಿಲ್ಲ, ಆದರೆ ಹಂಚು ಹಂಚಿನ ನಡುವಿನ ಸಂದುಗಳಿಂದ ಬಿಸಿಗಾಳಿಯನ್ನೂ ಹೊಗೆಯನ್ನೂ ಹಬೆಯನ್ನೂ ಹೊರಗೆ ಬಿಡುತ್ತದೆ. ಮುಂಜಾನೆಯ ಮಳೆಯಲ್ಲಿ ಬಚ್ಚಲು ಕೊಟ್ಟಿಗೆಯ ಮಾಡಿನಿಂದ ನೀಲಿಯ ಹೊಗೆ ಎದ್ದು ಬರುವುದನ್ನು ಹೆದ್ದಾರಿಯ ಬಸ್ಸಿನಿಂದಲೇ ಕಾಣಬಹುದಾಗಿತ್ತು.

ಇದೆಲ್ಲ ಹೋಗಿ ಕಾಂಕ್ರೀಟು ತಾರಸಿ, ಗೋಡೆಯ ಎತ್ತರಕ್ಕೂ ನುಣುಪಾದ ಟೈಲ್ಸ್, ಒಂದು ಸಣ್ಣ ಗಾಜಿನ ಕಿಟಕಿ, ಮೂಲೆಯಲ್ಲಿ ಗೀಸರ್ ಬಂದವು. ಗೀಸರ್ ಚೆನ್ನಾಗಿ ಮುಚ್ಚಿಕೊಂಡ ವಸ್ತು. ತನ್ನ ಶಾಖವನ್ನೆಲ್ಲ ನೀರಿಗೇ ಕೊಡುತ್ತದೆ, ಕೋಣೆಗೆ ಏನನ್ನೂ ಬಿಡುವುದಿಲ್ಲ. ಗುಣವೆಂದರೂ ಅದೇ, ಕೊರತೆಯೆಂದರೂ ಅದೇ. ನೀರು ಕಾಯಿಸುವ ಕೆಲಸಕ್ಕೆ ಬದಲಿ ಸಿಕ್ಕಿತು; ಬಟ್ಟೆ ಒಣಗಿಸುವ ಕೆಲಸಕ್ಕೆ ಬದಲಿ ಸಿಗಲಿಲ್ಲ. ಸಹೋದರಿಯವರ ಅತ್ತೆ ಒಲೆಗಾಗಿ ಹಟ ಹಿಡಿದಿರುವುದು ಹಳೆಯದರ ಮೇಲಿನ ಮೋಹದಿಂದ ಎಂದು ಮೊಮ್ಮಗ ತಿಳಿದಿರಬಹುದು. ನನಗೇನೋ ಆ ಹಿರಿಯರು ಈ ಎರಡನೆಯ ಕೆಲಸವನ್ನು ನೆನೆದೇ ಬೇಡವೆನ್ನುತ್ತಿದ್ದಾರೆ ಎನಿಸುತ್ತದೆ.

ಇನ್ನು ಮಗ ಅಲ್ಲಿ ಮಾಡಿಸಿಕೊಂಡದ್ದೇನು ಎಂಬುದನ್ನು ನೋಡೋಣ. ಚಳಿಯ ದೇಶಗಳಲ್ಲಿ ಮನೆಗೊಂದು ಬಾಯ್ಲರ್ ಇರುತ್ತದೆ. ಅದು ಕಾಯಿಸಿದ ನೀರು ಕೊಳವೆಗಳ ಮೂಲಕ ಕೋಣೆಕೋಣೆಗೆ ಹರಿದು, ಅಲ್ಲಿ ಗೋಡೆಗೆ ತಗುಲಿಸಿದ ಉಕ್ಕಿನ ಚಪ್ಪಟೆ ಪೆಟ್ಟಿಗೆಯಂಥ ರೇಡಿಯೇಟರಿನಲ್ಲಿ ಶಾಖವನ್ನು ಬಿಟ್ಟು, ಮರಳಿ ಬಾಯ್ಲರಿಗೆ ಬರುತ್ತದೆ. ಈ ಸಾಧನ ರೂಪುಗೊಂಡದ್ದು 1850ರ ದಶಕದಲ್ಲಿ. ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಫ್ರಾಂಜ್ ಸಾನ್ ಗಾಲಿ ಎಂಬ ಉದ್ಯಮಿಗೆ ಅದರ ಕೀರ್ತಿ ಸಲ್ಲುತ್ತದೆ. ಕೋಣೆ ಬೆಚ್ಚಗಾಗಲೆಂದು ಇಟ್ಟ ರೇಡಿಯೇಟರಿನ ಮೇಲೆ ಅಲ್ಲಿಯ ಗೃಹಿಣಿಯರು ಒದ್ದೆ ಟವೆಲನ್ನು ಹೊದಿಸದೆ ಬಿಟ್ಟಾರೆಯೇ? ಆ ಅಭ್ಯಾಸವನ್ನೇ ಕಂಡು, ರೇಡಿಯೇಟರಿಗೆ ಏಣಿಯ ಆಕಾರ ಕೊಟ್ಟರು. ಎರಡು ನಿಲುವು ಕೊಳವೆ, ನಡುವೆ ಅಡ್ಡಕಂಬಿಗಳು, ಒಳಗೆಲ್ಲ ಅದೇ ಬಿಸಿನೀರು. ಅದೇ ಟವೆಲ್ ಕಂಬಿ.

ಈ ಬದಲಾವಣೆಯಲ್ಲಿ ಒಂದು ಸೂಕ್ಷ್ಮವಿದೆ. ಏಣಿಯಾಕಾರದ ಕಂಬಿ ಅಷ್ಟೇ ಗಾತ್ರದ ರೇಡಿಯೇಟರಿಗಿಂತ ಕಡಿಮೆ ಶಾಖ ಕೊಡುತ್ತದೆ. ಥಳಥಳಿಸುವ ಕ್ರೋಮಿಯಂ ಲೇಪವಿದ್ದರೆ ಬಿಳಿ ಬಣ್ಣ ಬಳಿದದ್ದಕ್ಕಿಂತಲೂ ಇನ್ನೂ ಕಡಿಮೆ. ಅದರ ಮೇಲೆ ಟವೆಲ್ ಹೊದಿಸಿದರಂತೂ ಶಾಖ ಟವೆಲಿಗೇ ಹೋಗಿ ಕೋಣೆ ತಣ್ಣಗಿರುತ್ತದೆ. ಆದ್ದರಿಂದ ಅಲ್ಲಿಯ ಬಲ್ಲ ಕೆಲಸಗಾರರು ಹಳೆಯದರ ಅಗಲ ನೋಡಿ ಹೊಸದನ್ನು ಆರಿಸುವುದಿಲ್ಲ. ಕೋಣೆಗೆ ಎಷ್ಟು ವ್ಯಾಟ್ ಶಾಖ ಬೇಕೆಂದು ನೋಡಿ ಆರಿಸುತ್ತಾರೆ. ಬೇಸಿಗೆಯಲ್ಲಿ ಬಾಯ್ಲರಿನಿಂದ ಕೋಣೆಗಳಿಗೆ ಬರುವ ನೀರು ನಿಲ್ಲುವುದರಿಂದ ಕಂಬಿಯೂ ತಣ್ಣಗಾಗುತ್ತದೆ. ಅದಕ್ಕೆಂದು ಕೆಲವರು ಅದೇ ಕಂಬಿಯ ಬುಡದಲ್ಲಿ ವಿದ್ಯುತ್ತಿನ ಕಾಯಿಲನ್ನೂ ಹಾಕಿಸುತ್ತಾರೆ. ಹಾಗೆ ಹಾಕಿಸಿದಾಗ ನೀರಿನ ಎರಡು ಕವಾಟಗಳಲ್ಲಿ ಒಂದನ್ನು ತೆರೆದೇ ಇಡಬೇಕು. ಕಾದ ನೀರು ಹಿಗ್ಗುತ್ತದೆ. ಹಿಗ್ಗಲು ಎಡೆಯಿಲ್ಲದಿದ್ದರೆ ಕಂಬಿಯೊಳಗೆ ಒತ್ತಡವೇರಿ ಅಪಾಯವಾಗುತ್ತದೆ. ವಿದೇಶದಲ್ಲಿರುವ ನಮ್ಮ ಮಕ್ಕಳು ಈ ಒಂದು ಮಾತನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಆ ಬಗೆಯ ನೀರಿನ ಕಂಬಿ ನಮ್ಮಲ್ಲಿ ಉಪಯೋಗಕ್ಕೆ ಬಾರದು, ಅದಕ್ಕೆ ನೀರು ಕಳಿಸುವ ಬಾಯ್ಲರೇ ನಮ್ಮಲ್ಲಿಲ್ಲ. ಮಾಡಿನ ಮೇಲಿನ ಸೌರಶಾಖದ ನೀರನ್ನು ಕಂಬಿಯೊಳಗೆ ಹರಿಸಬಹುದಲ್ಲ ಎಂದು ಜಾಣರು ಕೇಳಬಹುದು. ಬಿಸಿಲಿರುವ ದಿನ ಕಂಬಿಯೇ ಬೇಡ, ಅಂಗಳದ ಹಗ್ಗ ಸಾಕು. ಕಂಬಿ ಬೇಕಾಗುವ ಆಟಿಯ ದಿನ ಸೌರಶಾಖದ ನೀರು ಉಗುರು ಬೆಚ್ಚಗೂ ಇರುವುದಿಲ್ಲ. ಮೇಲಾಗಿ, ಸಾದಾ ಉಕ್ಕಿನ ಕಂಬಿಗಳು ಅದೇ ನೀರು ಸುತ್ತಿ ಸುತ್ತಿ ಬರುವ ಮುಚ್ಚಿದ ವ್ಯವಸ್ಥೆಗೆಂದು ಮಾಡಿದವು. ಮೈಗೆ ಹೊಯ್ದುಕೊಳ್ಳುವ ಹೊಸ ಹೊಸ ನೀರು ಹರಿದರೆ ಅದರೊಡನೆ ಬರುವ ಆಮ್ಲಜನಕದಿಂದ ಒಳಗೊಳಗೇ ತುಕ್ಕು ಹಿಡಿಯುತ್ತದೆ.

ಆದ್ದರಿಂದ ನಮಗೆ ಉಳಿಯುವುದು ಪೂರ್ತಿ ವಿದ್ಯುತ್ತಿನ ಕಂಬಿ. ಅದು ನಮ್ಮ ಪಟ್ಟಣಗಳಲ್ಲಿಯೂ ಈಗ ಸಿಗುತ್ತದೆ. ಖರ್ಚಿನ ಭಯ ಬೇಡ. 300 ಗ್ರಾಂ ನೀರು ಆವಿಯಾಗಲು ಬೇಕಾದ ಶಾಖ ಒಂದು ಯೂನಿಟ್ಟಿನ ಐದನೆಯ ಒಂದು ಪಾಲು. 20 ಲೀಟರಿನ ಒಂದು ಬಕೆಟ್ ನೀರನ್ನು ಸ್ನಾನದ ಹದಕ್ಕೆ ಕಾಯಿಸಲು ಬೇಕಾಗುವುದರಲ್ಲಿ ಇದು ಅರ್ಧದಷ್ಟು. ಒಂದು ಬೈರಾಸು ಒಣಗಲು ಅರ್ಧ ಬಕೆಟ್ ಬಿಸಿನೀರಿನಷ್ಟು ಶಾಖ ಬೇಕೆಂದರೆ ನಂಬಲಾಗದು, ಆದರೂ ನಿಜ. 100 ವ್ಯಾಟಿನ ಕಂಬಿಯನ್ನು ಬೆಳಿಗ್ಗೆ ಮೂರು ಗಂಟೆ, ಸಂಜೆ ಎರಡು ಗಂಟೆ ಉರಿಸಿದರೆ ದಿನಕ್ಕೆ ಅರ್ಧ ಯೂನಿಟ್. ಮಳೆಗಾಲದ 120 ದಿನಕ್ಕೆ 60 ಯೂನಿಟ್. ಮರೆತು ಹಗಲಿರುಳೂ ಬಿಟ್ಟರೆ ಅದೇ 288 ಯೂನಿಟ್ ಆಗುತ್ತದೆ. ಹೊತ್ತಿಗೆ ತಾನಾಗಿ ಆರುವ ಟೈಮರ್ ಒಂದನ್ನು ಜೊತೆಗೆ ಹಾಕಿಸಿದರೆ ಅದರ ಬೆಲೆ ಬೇಗನೆ ಮರಳಿ ಬರುತ್ತದೆ. ತಮ್ಮ ಬಿಲ್ಲಿನಲ್ಲಿರುವ ದರದಿಂದ ಗುಣಿಸಿ ನೋಡಿಕೊಳ್ಳಿ. ಮುಗ್ಗಲು ಹಿಡಿದ ಬೈರಾಸನ್ನು ಮನೆಮಂದಿಯೆಲ್ಲ ಬಳಸಿ ಹುಳುಕಡ್ಡಿ ಹತ್ತಿಸಿಕೊಂಡು ತಿಂಗಳುಗಟ್ಟಲೆ ಮುಲಾಮು ಹಚ್ಚುವ ಖರ್ಚನ್ನೂ ಎದುರಿಗಿಟ್ಟು ತೂಗಬೇಕು. ಮಳೆಗಾಲದಲ್ಲಿ ಕರಾವಳಿಯ ಚರ್ಮವೈದ್ಯರ ಬಳಿ ಕಾಯುವವರ ಸಾಲು ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ.

ಖರ್ಚಿಗಿಂತ ದೊಡ್ಡ ಮಾತು ಜೀವರಕ್ಷಣೆ. ಒದ್ದೆ ನೆಲ, ಬರಿಗಾಲು, ಲೋಹದ ಕಂಬಿ, ವಿದ್ಯುತ್ತು. ಈ ನಾಲ್ಕೂ ಒಂದೇ ಕೋಣೆಯಲ್ಲಿ ಕೂಡುತ್ತವೆ ಎಂಬುದನ್ನು ಒಂದು ಗಳಿಗೆಯೂ ಮರೆಯಬಾರದು. ಮಗ ಇಂಗ್ಲೆಂಡಿನಿಂದ ತರುವುದಾದರೆ ವೋಲ್ಟೇಜಿನ ತೊಡಕಿಲ್ಲ. ಅಲ್ಲಿಯೂ ಇಲ್ಲಿಯೂ 230 ವೋಲ್ಟ್, 50 ಹರ್ಟ್ಸ್. ಆದರೆ ಅಲ್ಲಿಯ ಪ್ಲಗ್ಗಿನೊಳಗೆ ಅಥವಾ ಗೋಡೆಯ ಸ್ವಿಚ್ಚಿನೊಳಗೆ ಒಂದು ಸಣ್ಣ ಫ್ಯೂಸ್ ಇರುತ್ತದೆ. ಇಲ್ಲಿ ಅದನ್ನು ಕತ್ತರಿಸಿ ಬೇರೆ ಪ್ಲಗ್ ಹಾಕಿದ ಕ್ಷಣ ಆ ರಕ್ಷಣೆ ತಪ್ಪಿಹೋಗುತ್ತದೆ. ಕಂಬಿಗೆಂದೇ ಬೇರೆ ಎಳೆದ ಸಾಲು, ಅದಕ್ಕೆ ತಕ್ಕ ಚಿಕ್ಕ ಫ್ಯೂಸ್, ಸ್ನಾನಗೃಹದ ಹೊರಗೆ ಸ್ವಿಚ್, ಇವು ಇರಲೇಬೇಕು. ಎಲ್ಲಕ್ಕೂ ಮೊದಲು ಮನೆಯ ಮುಖ್ಯ ಹಲಗೆಯಲ್ಲಿ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಇದೆಯೇ ನೋಡಿಸಿ. ವಿದ್ಯುತ್ತು ದಾರಿ ತಪ್ಪಿ ಮನುಷ್ಯನ ಮೈ ಮೂಲಕ ನೆಲಕ್ಕಿಳಿಯತೊಡಗಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಸಂಪರ್ಕ ಕಡಿಯುವ ಸಾಧನ ಅದು. ಅದರ ಮೇಲೆ ಪರೀಕ್ಷೆಯ ಗುಂಡಿಯೊಂದಿರುತ್ತದೆ. ತಿಂಗಳಿಗೊಮ್ಮೆ ಒತ್ತಿ, ಬಿದ್ದುಕೊಂಡರೆ ಸರಿಯಾಗಿದೆ ಎಂದರ್ಥ. ಇನ್ನು ಅರ್ತಿಂಗ್. ಕರಾವಳಿಯ ಮುರಕಲ್ಲಿನ ನೆಲ ಮಳೆಗಾಲದಲ್ಲಿ ನೆನೆದಿರುವಾಗ ಅರ್ತಿಂಗ್ ಚೆನ್ನಾಗಿ ಕಾಣಿಸುತ್ತದೆ. ಏಪ್ರಿಲ್, ಮೇಯಲ್ಲಿ ಒಣಗಿದಾಗ ಅದರ ನಿಜಸ್ಥಿತಿ ತಿಳಿಯುತ್ತದೆ. ಅಳೆಯಿಸುವುದಾದರೆ ಬೇಸಿಗೆಯಲ್ಲಿ ಅಳೆಯಿಸಿ. ಪರವಾನಗಿ ಪಡೆದ ವಿದ್ಯುತ್ ಕೆಲಸಗಾರರಿಂದಲೇ ಮಾಡಿಸಿ. ಅಳಿಯನ ಗೆಳೆಯ, ಪಕ್ಕದ ಮನೆಯ ಹುಡುಗ ಈ ಕೆಲಸಕ್ಕೆ ಬೇಡ.

ನಮ್ಮ ಬಾಲ್ದಿಯಲ್ಲಿ ಮೀಯುವ ರೀತಿಯಲ್ಲಿ ನೀರು ಗೋಡೆಯ ಅರ್ಧದವರೆಗೂ ಚಿಮ್ಮುತ್ತದೆ. ಆದ್ದರಿಂದ ಕಂಬಿಯನ್ನು ನಲ್ಲಿಯ ಎದುರು ಗೋಡೆಗೆ, ಕೂತು ಮೀಯುವ ಜಾಗದಿಂದ ದೂರದಲ್ಲಿ ಹಾಕಿಸಬೇಕು. ಕ್ರೋಮಿಯಂ ಲೇಪದ ಸಾದಾ ಉಕ್ಕಿಗಿಂತ ಸ್ಟೇನ್‌ಲೆಸ್ ಉಕ್ಕಿನದು ಕರಾವಳಿಯ ತೇವಕ್ಕೆ ಹೆಚ್ಚು ತಾಳುತ್ತದೆ. ಒಂದೇ ಕಂಬಿಯ ಮೇಲೆ ನಾಲ್ಕು ಬೈರಾಸುಗಳನ್ನು ಮಡಿಸಿ ಒಟ್ಟಿದರೆ ಒಳಗಿನವು ಬೆಂದ ವಾಸನೆ ಬರುವುದೇ ಹೊರತು ಒಣಗುವುದಿಲ್ಲ. ಒಂದೊಂದೇ ಪದರ ಹರಡಬೇಕು. ಎಣ್ಣೆಸ್ನಾನದ ಬೈರಾಸನ್ನು ಒಗೆಯದೆ ಹಾಕಬಾರದು. ಮೇಲಿನ ಗೋಡೆಗೆ ಗಾಳಿ ಹೊರದಬ್ಬುವ ಫ್ಯಾನೊಂದನ್ನು ಕೂಡಿಸಿ, ಬಾಗಿಲ ಕೆಳಗೆ ಬೆರಳಗಲದ ಸಂದು ಬಿಡಿಸಬೇಕು. ಒಳಗೆ ಗಾಳಿ ಬರಲು ದಾರಿಯಿಲ್ಲದಿದ್ದರೆ ಫ್ಯಾನ್ ಸುಮ್ಮನೆ ಗುಂಯ್‌ಗುಡುತ್ತದೆ.

ಈಗ ಸಹೋದರಿಯವರ ನಿಜವಾದ ಚಿಂತೆಗೆ ಬರುತ್ತೇನೆ. ಆಷಾಢದ ಕೊನೆ, ಶ್ರಾವಣದ ಆರಂಭ ಎಂದರೆ ಆಟಿಯ ನಟ್ಟನಡುವೆ. ಬಾಣಂತಿಯ ಎಣ್ಣೆಸ್ನಾನಕ್ಕೆ ಹಂಡೆಗಟ್ಟಲೆ ಬಿಸಿನೀರು ಬೇಕು. ಹದಿನೈದು ಲೀಟರಿನ ಗೀಸರ್ ಮೂರು ಸಲ ಕಾದರೂ ಆ ಕೆಲಸ ಮುಗಿಯುವುದಿಲ್ಲ. ಮಗುವಿನ ಬಟ್ಟೆಗಳು ದಿನಕ್ಕೆ ಹದಿನೈದೋ ಇಪ್ಪತ್ತೋ ಆಗುತ್ತವೆ. ನಾಲ್ಕೈದು ಅಡ್ಡಗಳಿರುವ ಕಂಬಿಯಲ್ಲಿ ಅಷ್ಟಕ್ಕೂ ಎಡೆಯಿಲ್ಲ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಗಾಳಿಮಳೆಗೆ ಮರ ಬಿದ್ದು ತಂತಿ ಕಡಿದರೆ ಒಂದೆರಡು ದಿನ ವಿದ್ಯುತ್ತು ಬಾರದಿರುವುದು ಈ ಸೀಮೆಯಲ್ಲಿ ಅಪರೂಪವಲ್ಲ. ಕಂಬಿಯ ಅಗತ್ಯ ಎಲ್ಲಕ್ಕಿಂತ ಹೆಚ್ಚಾಗಿರುವ ಆ ದಿನವೇ ಅದು ತಣ್ಣಗಿರುತ್ತದೆ. ಒಲೆ ಒಡೆದಿದ್ದರೆ ಅಂದು ಏನು ಗತಿ?

ಅಂಥ ಹೊತ್ತಿನಲ್ಲಿ ಜನ ಏನು ಮಾಡುತ್ತಾರೆಂದು ನನಗೆ ಗೊತ್ತು. ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿ, ಬಾಣಂತಿಯ ಕೋಣೆಗೇ ತಂದಿಟ್ಟು, ಮೇಲೆ ಬಿದಿರಬುಟ್ಟಿ ಬೋರಲು ಹಾಕಿ, ಅದರ ಮೇಲೆ ಮಗುವಿನ ಬಟ್ಟೆ ಹರಡುತ್ತಾರೆ. ಸಾಂಬ್ರಾಣಿಯ ಘಮ ಬಟ್ಟೆಗೆ ಹತ್ತಿದರೆ ಅಜ್ಜಿಯರಿಗೆ ಸಂತೋಷ. ಹಂಚಿನ ಮನೆಯಲ್ಲಿ, ಗಾಳಿ ಹಾಯುವ ಪಡಸಾಲೆಯಲ್ಲಿ ತಲೆತಲಾಂತರದಿಂದ ನಡೆದು ಬಂದ ಪದ್ಧತಿ ಅದು. ಆದರೆ ತಾರಸಿಯ ಮನೆಯಲ್ಲಿ, ಶೀತ ತಗಲೀತೆಂದು ಕಿಟಕಿ ಬಾಗಿಲು ಬಿಗಿದ ಕೋಣೆಯಲ್ಲಿ ಅದೇ ಕೆಂಡ ಮೃತ್ಯುವಾಗಬಲ್ಲದು. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ರಕ್ತದಲ್ಲಿ ಪ್ರಾಣವಾಯು ಕೂಡಬೇಕಾದ ಜಾಗದಲ್ಲಿ ಅದು ಹೋಗಿ ಕೂಡಿಬಿಡುತ್ತದೆ. ಮೊದಲು ತಲೆಭಾರ, ತೂಕಡಿಕೆ. ಬಾಣಂತಿ ದಣಿದು ಮಲಗಿದ್ದಾಳೆಂದು ಮನೆಯವರು ತಿಳಿಯುತ್ತಾರೆ. ಮಗುವಿನ ಪುಟ್ಟ ದೇಹಕ್ಕಂತೂ ಅದು ಬಲುಬೇಗ ಹತ್ತುತ್ತದೆ. ಅದ್ದರಿಂದ ಕೆಂಡ ಮಲಗುವ ಕೋಣೆಗೆ ಬರಕೂಡದು; ಬಟ್ಟೆ ಕೆಂಡದ ಬಳಿಗೆ ಹೋಗಲಿ, ಕೆಂಡ ಮಗುವಿನ ಬಳಿಗೆ ಬೇಡ. ಸ್ನಾನಗೃಹದೊಳಗೆ ಗ್ಯಾಸ್ ಗೀಸರ್ ತಗುಲಿಸುವ ಯೋಚನೆ ಯಾರಿಗಾದರೂ ಇದ್ದರೆ ಅವರಿಗೂ ಇದೇ ಮಾತು. ಆ ಅನಿಲ ಅಲ್ಲಿಯೂ ಹುಟ್ಟುತ್ತದೆ; ಗ್ಯಾಸ್ ಗೀಸರ್ ಇರಬೇಕಾದದ್ದು ಹೊರಗೋಡೆಗೆ, ಬಯಲ ಗಾಳಿಯಲ್ಲಿ.

ಹೀಗಿರುವಾಗ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಈ ವರ್ಷ ಒಲೆ ಒಡೆಯುವುದು ಬೇಡ. ಮಗ ಕಂಬಿ ತರಲಿ, ಅದನ್ನು ಮನೆಯೊಳಗಿನ ಗೀಸರ್ ಸ್ನಾನಗೃಹಕ್ಕೆ ಹಾಕಿಸಿ. ದಿನದ ಬೈರಾಸು, ಪೂಜೆಯ ಮಡಿವಸ್ತ್ರ ಅಲ್ಲಿ ಒಣಗಲಿ. ರಾತ್ರಿ ತುರ್ತಿಗೆ ಮಗುವಿನ ನಾಲ್ಕು ಬಟ್ಟೆ ಬೇಕಾದರೂ ಅದು ಒದಗುತ್ತದೆ. ಹೊರಗಿನ ಬಚ್ಚಲು ಕೊಟ್ಟಿಗೆ ಬಾಣಂತನಕ್ಕೂ ಉಳಿದ ಒಗೆತಕ್ಕೂ ಇರಲಿ. ಮಗನಿಗೆ ಬೇಸರವಾಗಬಹುದು. ಅವನ ಇಂಗ್ಲೆಂಡಿನ ಮನೆಯಲ್ಲಿ ರೇಡಿಯೇಟರ್ ತೆಗೆದರೂ ಬಾಯ್ಲರ್ ಉಳಿದಿದೆ, ಶಾಖದ ಮೂಲ ಬದಲಾಗಿಲ್ಲ. ಇಲ್ಲಿ ಒಲೆ ತೆಗೆದರೆ ಮೂಲವೇ ಹೋದಂತೆ. ಇದನ್ನು ಅವನಿಗೆ ತಿಳಿಹೇಳಿದರೆ ಒಪ್ಪದಿರಲಾರ.

ಹಾಗೆಂದು ಅತ್ತೆಯವರ ಪಕ್ಷವೇ ಪೂರ್ತಿ ಗೆದ್ದಿತೆಂದೂ ಅಲ್ಲ. ಒಲೆ ಇರಲಿ, ಹೊಗೆ ಇರಬಾರದು. ಒದ್ದೆ ಮಡಲು ಊದಿ ಊದಿ ಕಣ್ಣು, ಎದೆ ಕೆಡಿಸಿಕೊಂಡ ತಾಯಂದಿರ ತಲೆಮಾರನ್ನೇ ನಾವು ಕಂಡಿದ್ದೇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗಾಗಿ ಆರಂಭವಾದ ‘ಆಸ್ತ್ರ’ ಕೇಂದ್ರದ ವಿಜ್ಞಾನಿಗಳು ಹೊಗೆಕೊಳವೆಯ ಅಡುಗೆ ಒಲೆಯೊಂದನ್ನು ರೂಪಿಸಿದರು. ಆಸ್ತ್ರ ಒಲೆಯೆಂದೇ ಅದು ನಾಡಿನಲ್ಲಿ ಹೆಸರಾಯಿತು. ಅದರ ತತ್ತ್ವ ಬಚ್ಚಲೊಲೆಗೂ ಒಗ್ಗುತ್ತದೆ. ಉರುವಲಿನ ಕೆಳಗೆ ಕಬ್ಬಿಣದ ಜಾಲರಿಯಿದ್ದು ಗಾಳಿ ಕೆಳಗಿನಿಂದ ಬರಬೇಕು. ಬಾಯಿ ಕಿರಿದಾಗಿರಬೇಕು. ಹಂಡೆಯ ಸುತ್ತ ಸಂದಿಲ್ಲದಂತೆ ಮಣ್ಣು ಮೆತ್ತಿ, ಹಿಂಬದಿಯಿಂದ ಹೊಗೆಕೊಳವೆಯನ್ನು ಮಾಡಿನ ಮೇಲಕ್ಕೆ ಒಯ್ಯಬೇಕು. ಕೊಳವೆಯ ಮೇಲ್ತುದಿಗೆ ಮಳೆನೀರು ಬೀಳದಂತೆ ಟೊಪ್ಪಿಗೆ, ಹಂಚಿನೊಡನೆ ಕೂಡುವಲ್ಲಿ ತಗಡಿನ ಪಟ್ಟಿ ಬೇಕು. ಹೀಗೆ ಮಾಡಿದರೆ ಹೊಗೆ ಮೇಲೆ ಹೋಗುತ್ತದೆ, ಕೊಳವೆಯೇ ಕಾದು ಕೊಟ್ಟಿಗೆಯನ್ನು ಬೆಚ್ಚಗಿಡುತ್ತದೆ, ಬಟ್ಟೆಗೆ ಹೊಗೆಯ ವಾಸನೆಯೂ ಹತ್ತುವುದಿಲ್ಲ. ಅದೇ ನಮ್ಮ ರೇಡಿಯೇಟರ್ ಎನ್ನಲಡ್ಡಿಯಿಲ್ಲ. ಕೊಟ್ಟಿಗೆಯ ಹಂಚು ಮಾತ್ರ ಹಾಗೆಯೇ ಇರಲಿ. ಸೋರುತ್ತದೆಂದು ತಾರಸಿ ಹಾಕಿಸಲು ಹೊರಟರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ. ಒಡೆದ ಹಂಚು ಬದಲಿಸಿದರೆ ಸಾಕು.

ಈ ಕೆಲಸಗಳೆಲ್ಲ ಮೇ ಮುಗಿಯುವುದರೊಳಗೆ ಆಗಬೇಕು. ಮೆತ್ತಿದ ಮಣ್ಣು ಒಣಗಲು ಬಿಸಿಲು ಬೇಕು, ಗಾರೆಯವರೂ ಮಳೆ ಹಿಡಿದ ಮೇಲೆ ಸಿಗುವುದಿಲ್ಲ. ಉರುವಲನ್ನೂ ಈಗಲೇ ಒಣಗಿಸಿ ಅಟ್ಟಕ್ಕೇರಿಸಿಡಿ. ಹೊಳೆಯ ದಡದ ಮನೆ ಎಂದು ಬರೆದಿದ್ದೀರಿ. 1974ರ ನೆರೆಯಲ್ಲಿ ನೀರು ಎಲ್ಲಿಯವರೆಗೆ ಏರಿತ್ತೆಂದು ನೆರೆಹೊರೆಯ ಹಿರಿಯರನ್ನು ಕೇಳಿ, ಹೊಸ ಸ್ವಿಚ್ಚು, ಪ್ಲಗ್ಗುಗಳನ್ನು ಅದಕ್ಕಿಂತ ಮೇಲೆ ಹಾಕಿಸಿ.

ಗಳದ ವಿಷಯ ಒಂದು ಉಳಿಯಿತು. ಒಲೆಯ ಬಾಯಿಗೆ ನೇರವಾಗಿ ಗಳ ಕಟ್ಟಬೇಡಿ, ಜಾರಿದ ಒಂದು ಲಂಗೋಟಿ ಸಾಕು ಬೆಂಕಿ ಹತ್ತಲು. ಹೊಗೆಕೊಳವೆಯ ಎರಡೂ ಪಕ್ಕಕ್ಕೆ, ಅದರಿಂದ ಎರಡು ಅಡಿ ದೂರದಲ್ಲಿ, ತಲೆಗೆ ತಗಲದಷ್ಟು ಎತ್ತರದಲ್ಲಿ ಒಂದೊಂದು ಗಳವಿರಲಿ. ಬಿದಿರು ಹಳೆಯದಾಗಿದ್ದರೆ ಬದಲಿಸಿ. ಗಂಟುಗಳಲ್ಲಿ ಸೀಳಿದ ಬಿದಿರಿನ ಸಿಬರು ಬಟ್ಟೆಯಲ್ಲಿ ಸೇರಿಕೊಂಡರೆ ಎಳೆಮಗುವಿನ ಮೈಗೆ ಚುಚ್ಚುತ್ತದೆ. ಒಣಗಿದ ಬಟ್ಟೆಯನ್ನು ಒಮ್ಮೆ ಕೊಡವಿ, ನಿಮ್ಮ ಕೆನ್ನೆಗೆ ಒತ್ತಿ ನೋಡಿ. ತಣ್ಣಗೆನಿಸಿದರೆ ಒಳಗೆ ಇನ್ನೂ ತೇವ ಇದೆ, ಮರಳಿ ಗಳಕ್ಕೆ ಹಾಕಿ.